ಎಡಗಾಲಿನ ನೀಲಿ

ಅಣ್ಣನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಒರಟು ಕಲ್ಲಿನಿಂದ ತಿಕ್ಕುತ್ತಿದ್ದಳು. ಕೋಣೆಯಲ್ಲಿ ಕಲ್ಲಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಸುಕಿನ ಬೆಳಕು ಕಿಟಕಿಯ ಕೆಳಗಿನ ಗಾಜಿನವರೆಗೆ ಮಾತ್ರ ಬಂದಿತ್ತು. ಬೋಗುಣಿಯ ನೀರು ಆರುತ್ತಿತ್ತು. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎಚ್ಚರವಾಗಿದ್ದನೋ ಇಲ್ಲವೋ, ಅವಳು ಕೇಳಲಿಲ್ಲ. ಜ್ವರಕ್ಕೆ ಇವತ್ತಿಗೆ ಹತ್ತು ದಿನ. ಊರಿಗೆಲ್ಲ ಬಂದ ಜ್ವರವೇ, ಮೊದಲು ಅತ್ತಿಗೆಗೆ ಬಂತು, ಅತ್ತಿಗೆಯಿಂದ ಅವನಿಗೆ. ಅತ್ತಿಗೆ ಐದು ದಿನಕ್ಕೆ ಎದ್ದು ಓಡಾಡಿದಳು, ಇವನು ಮಲಗಿಯೇ ಇದ್ದ. ನಿನ್ನೆಯಿಂದ ಮೈ ಅಷ್ಟು ಸುಡುತ್ತಿರಲಿಲ್ಲ, ಕೆಮ್ಮು ಮಾತ್ರ ಉಳಿದಿತ್ತು, ಹಾಗಾಗಿ ಇನ್ನು ಅವನ ಮೇಲೆ ಸಿಟ್ಟು ಮಾಡಿಕೊಳ್ಳಬಹುದು ಅನ್ನಿಸಿತ್ತು ಅವಳಿಗೆ. ಹಾಸಿಗೆ ಬಿಟ್ಟು ಏಳಬೇಡ ಅಂತ ಎಲ್ಲರೂ ಅಷ್ಟು ಹೇಳಿದ್ದರೂ ಕದ್ದು ಹಿಂದಿನ ಶೆಡ್ಡಿಗೆ ಹೋಗಿದ್ದಾನೆ. ತೊಟ್ಟಿಗೆ ಕಾಲಿಳಿಸಿದ್ದಾನೆ. ಇಲ್ಲದಿದ್ದರೆ ಈ ನೀಲಿ ಎಲ್ಲಿಂದ ಬರಬೇಕು.

ಅವರದು ಬಟ್ಟೆಗೆ ಬಣ್ಣ ಹಾಕುವ ಮನೆ. ಶೆಡ್ಡಿನಲ್ಲಿ ನೆಲಕ್ಕೆ ಹೂತ ಮೂರು ತೊಟ್ಟಿ, ಮೂರರಲ್ಲೂ ನೀಲಿ. ಅದು ಜೀವ ಇರುವ ನೀರು; ದಿನಾ ಕಲಕಬೇಕು, ಬೆಚ್ಚಗಿಡಬೇಕು, ನಾಲ್ಕು ದಿನ ಮರೆತರೆ ಸತ್ತುಹೋಗುತ್ತದೆ. ಅದರ ಬಿಸಿ ನೋಡಲು ಆ ಮನೆಯಲ್ಲಿ ಯಾರೂ ಕೈ ಹಾಕುವುದಿಲ್ಲ. ದಿನವೆಲ್ಲ ನೀರಲ್ಲಾಡಿದ ಕೈಗೆ ಬಿಸಿಯೂ ಒಂದೇ ತಣ್ಣಗೂ ಒಂದೇ, ಅದನ್ನ ನಂಬಿದರೆ ಬಟ್ಟೆ ಹಾಳು ಅನ್ನುತ್ತಿದ್ದ ಅಪ್ಪ. ತೊಟ್ಟಿಯ ಅಂಚಿಗೆ ಬಲಗಾಲೂರಿ ನಿಂತು ಎಡಗಾಲನ್ನು ಹರಡಿನವರೆಗೆ ಇಳಿಬಿಡಬೇಕು, ಕಣ್ಣು ಮುಚ್ಚಿ ಎಂಟೆಣಿಸಬೇಕು. ಅಪ್ಪ ಹೋದಮೇಲೆ ಅಣ್ಣನೂ ಹಾಗೇ ನಿಲ್ಲುತ್ತಿದ್ದ. ಅವರಿಬ್ಬರ ಎಡಗಾಲೂ ಬಲಗಾಲಿಗಿಂತ ಹೆಚ್ಚು ನೀಲಿ. ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಬಂದಿದ್ದಾನೆ ಅಂತ ಅತ್ತಿಗೆ ಮದುವೆಯಾದ ಹೊಸದರಲ್ಲಿ ಯಾರಿಗೋ ಹೇಳಿ ನಗಿಸಿದ್ದಳು. ಇವತ್ತು ಎಡಗಾಲು ಹರಡಿನವರೆಗೆ ನೀಲಿಯಾಗಿರುವುದು ಕಂಡು ಅವಳು ಇನ್ನೇನು ಯೋಚಿಸಬೇಕಿತ್ತು? ತೊಟ್ಟಿ ಸಾಯುತ್ತೇನೋ ಅಂತ ಅವನಿಗೆ ಭಯ. ತಾನು ದಿನಾ ಕಲಕುತ್ತಿದ್ದೇನೆ ಅಂದರೂ ನಂಬಿಲ್ಲ. ಆ ನಂಬದೆ ಇದ್ದದ್ದೇ ಅವಳ ಕೈಯೊಳಗೆ ಇಳಿದು ಕಲ್ಲನ್ನು ಇನ್ನಷ್ಟು ಒತ್ತಿ ತಿಕ್ಕಿಸುತ್ತಿತ್ತು. ಹಿಮ್ಮಡಿಯ ಪಕ್ಕ ಚರ್ಮ ಒಂದಿಷ್ಟು ಕಿತ್ತುಬಂತು. ಅವನು ಕಾಲು ಎಳೆದುಕೊಳ್ಳಲಿಲ್ಲ. ರಕ್ತ ಬರಲಿಲ್ಲ. ಸದ್ಯ, ರಕ್ತ ಬರಲಿಲ್ಲವಲ್ಲ ಅಂದುಕೊಂಡಳು.

ತಿಕ್ಕಿದರೆ ಹೋಗದ ನೀಲಿ ಅವಳಿಗೆ ಹೊಸದಲ್ಲ. ಶಾಲೆಯಲ್ಲಿ ಟೀಚರು ಅವಳ ಕೈ ನೋಡಿ, ತೊಳೆದುಕೊಂಡು ಬಂದು ಆಮೇಲೆ ಪುಸ್ತಕ ಮುಟ್ಟು ಅಂದಿದ್ದರು. ಇದು ಕೊಳೆಯಲ್ಲ, ಬಣ್ಣ, ಅನ್ನಲು ಎರಡು ಮಾತು ಸಾಕಿತ್ತು. ಆ ಎರಡು ಮಾತು ಗಂಟಲಿಗೆ ಬರಲಿಲ್ಲ. ಶಾಲೆಯ ಹಿತ್ತಿಲ ನಲ್ಲಿಯ ಹತ್ತಿರ ನಿಂತು ಮಧ್ಯಾಹ್ನದವರೆಗೂ ತೊಳೆದಳು, ಇಟ್ಟಿಗೆ ಚೂರಿನಿಂದ ತಿಕ್ಕಿದಳು. ಕರೆದುಕೊಂಡು ಹೋಗಲು ಬಂದ ಅಣ್ಣ ಏನೂ ಕೇಳದೆ ಚಪ್ಪಲಿ ಬಿಟ್ಟು ತನ್ನ ಎಡಗಾಲನ್ನು ಅವಳ ಕೈ ಪಕ್ಕ ನಲ್ಲಿಯ ಕೆಳಗಿಟ್ಟು, "ನೋಡು, ನನ್ನದೇ ಚೆನ್ನಾಗಿ ಹಿಡಿದಿದೆ" ಅಂದಿದ್ದ. ಮಾರನೆಯ ದಿನದಿಂದ ಅವಳು ಹೋಗಲಿಲ್ಲ, ಯಾರೂ ಕಳಿಸಲೂ ಇಲ್ಲ. ಶೆಡ್ಡಿನ ಮೂಲೆಯಲ್ಲಿ ನಿಂತು ಹೊತ್ತು ಹೇಳುವ ಕೆಲಸಕ್ಕೆ ಅವಳು ಬಂದದ್ದು ಹಾಗೆ. ಬಟ್ಟೆ ಎಷ್ಟು ಹೊತ್ತು ಮುಳುಗಿರಬೇಕು, ಹಸಿರಾಗಿ ಮೇಲೆ ಬಂದದ್ದು ಎಷ್ಟು ಹೊತ್ತು ಗಾಳಿ ಕುಡಿದು ನೀಲಿಗೆ ತಿರುಗಬೇಕು, ಮತ್ತೆ ಯಾವಾಗ ಮುಳುಗಬೇಕು. ಗೋಡೆ ಗಡಿಯಾರ ನೋಡದೆ ಹೇಳುತ್ತಿದ್ದಳು. ಅಣ್ಣ ಅವಳ ಹೆಸರನ್ನು ಬಿಟ್ಟೇ ಬಿಟ್ಟ. ಗಡಿಯಾರ ಅನ್ನುತ್ತಿದ್ದ. ಗಡಿಯಾರ, ಊಟಕ್ಕೆ ಬಾ. ಈಗ ಬೋಗುಣಿಯ ನೀರನ್ನು ಬಚ್ಚಲಿಗೆ ಚೆಲ್ಲುವಾಗ ಆ ನೀರು ತಿಳಿಯಾಗಿಯೇ ಇತ್ತು. ತೊಟ್ಟಿಗಿಳಿದ ಕಾಲು ತೊಳೆದ ನೀರು ಹಾಗಿರುವುದಿಲ್ಲ. ಅದನ್ನು ಅವಳು ಕಂಡಳು. ಕಂಡು, ಬೋಗುಣಿಯನ್ನು ಗೋಡೆಗೆ ಒರಗಿಸಿಟ್ಟಳು. ಐದೂವರೆ.

ಹನ್ನೊಂದಕ್ಕೆ ಅತ್ತಿಗೆ ಮಾತ್ರೆ ಕೊಡಲು ಹೋದಳು. ಅತ್ತಿಗೆಯದು ಮನೆ ತುಂಬುವ ಬಾಯಿ. ನಾದಿನಿಯ ಹತ್ತಿರ ಮಾತು ಬೇಕಾದರೆ ಅರ್ಜಿ ಹಾಕಿ ಕಾಯಬೇಕು ಅಂತ ಅವಳೇ ಬಂದವರಿಗೆಲ್ಲ ಹೇಳುವಳು. ಆ ಬಾಯಿ ಒಳಗೆ ಹೋದದ್ದು ಒಮ್ಮೆಗೇ ನಿಂತಿತು. ಶೆಡ್ಡಿನಲ್ಲಿ ಕೋಲು ಹಿಡಿದು ತೊಟ್ಟಿ ಕಲಕುತ್ತಿದ್ದ ಅವಳಿಗೆ ಕೇಳಿಸಿದ್ದು ಆ ನಿಂತದ್ದೇ. ಹೋಗಿ ನೋಡಿದರೆ ಅತ್ತಿಗೆ ಹಾಸಿಗೆಯ ಕೊನೆಯಲ್ಲಿ ಕೂತು ಗಂಡನ ಪಾದವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಮುಟ್ಟಿ ನೋಡು ಅಂದಳು. ಅವಳು ಮುಟ್ಟಿದಳು. ಬಲಗಾಲು ಬೆಚ್ಚಗಿತ್ತು. ಎಡಗಾಲು ಚಳಿಯಲ್ಲಿ ಹೊರಗೆ ಬಿಟ್ಟ ಪಾತ್ರೆಯ ಹಾಗಿತ್ತು. ಬೆಳಗ್ಗೆ ಬಿಸಿನೀರಿನಲ್ಲಿ ಅದ್ದಿದ್ದ ಕೈಗೆ ಇದು ಹೇಗೆ ತಿಳಿಯಬೇಕಿತ್ತು? ತಾನೂ ಕೈಯನ್ನೇ ನಂಬಿದ್ದಳು. ಅಣ್ಣ ಅವರಿಬ್ಬರನ್ನೂ ನೋಡಿ, "ಯಾರ ಕಾಲದು, ಇಷ್ಟು ಹೊತ್ತು ಹಿಡ್ಕೊಂಡಿದೀರ?" ಅಂದ. ತಮಾಷೆ ಇರಬೇಕು ಅಂತ ಅತ್ತಿಗೆ ನಗಲು ಹೋದಳು. ಅವನು ನಗುತ್ತಿರಲಿಲ್ಲ.

ಬಟ್ಟೆ ಸಾಗಿಸುವ ಗಾಡಿಯಲ್ಲೇ ಕರೆದುಕೊಂಡು ಹೋದರು. ಹಿಂದುಗಡೆ ಮಡಿಸಿಟ್ಟ ಬಟ್ಟೆಯ ಗಂಟುಗಳ ಮೇಲೆ ಅವನನ್ನು ಮಲಗಿಸಿ ಅವಳು ಪಕ್ಕದಲ್ಲಿ ಕೂತಳು. ಗಾಡಿ ಎಲ್ಲೆಲ್ಲಿ ನಿಲ್ಲುತ್ತಿತ್ತೋ ಅಲ್ಲೆಲ್ಲ ಅವಳ ಕಣ್ಣು ಪಾದಕ್ಕೆ ಹೋಗುತ್ತಿತ್ತು. ಹೆಬ್ಬೆರಳಿನಿಂದ ಮೇಲಕ್ಕೆ ಬಲೆಯ ಹಾಗೆ ಹರಡಿದ ನೀಲಿ. ಬಣ್ಣ ಹಿಡಿದ ಕಾಲಿಗೆ ಒಂದು ಅಂಚಿರುತ್ತದೆ, ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗೆರೆ ಎಳೆದಂತಿರುತ್ತದೆ. ಇದಕ್ಕೆ ಅಂಚೇ ಇರಲಿಲ್ಲ. ಎಲ್ಲಿ ನಿಲ್ಲುತ್ತದೆ ಅಂತ ಹುಡುಕುತ್ತಾ ಹೋದರೆ ಲುಂಗಿಯ ಒಳಕ್ಕೆ ಹೋಗುತ್ತಿತ್ತು. ಅಷ್ಟಕ್ಕೂ ಹತ್ತು ದಿನ ತೊಟ್ಟಿಗಿಳಿಯದಿದ್ದರೆ ಚರ್ಮ ನೀಲಿಯನ್ನು ಬಿಡುತ್ತದೆ, ಉಗುರಿನಲ್ಲಿ ಮತ್ತು ಹಿಮ್ಮಡಿಯ ಬಿರುಕಿನಲ್ಲಿ ಮಾತ್ರ ಉಳಿಯುತ್ತದೆ. ಬಲಗಾಲು ಹಾಗೇ ಇತ್ತು, ನೋಡು ಅಂತ ತೋರಿಸುವಂತೆ ಎದುರಿಗೇ ಇತ್ತು. ಬೆಳಗ್ಗೆಯೂ ಇತ್ತು.

ಆಸ್ಪತ್ರೆಯಲ್ಲಿ ಅವರನ್ನು ನೋಡಿದ್ದು ಒಬ್ಬ ಹೆಂಗಸು, ಸರ್ಜನ್. ಮುಖ ಪೂರ್ತಿ ಮುಚ್ಚಿಕೊಂಡಿದ್ದಳು, ಕನ್ನಡಕದ ಹಿಂದೆ ಕಣ್ಣು ಮಾತ್ರ. ಡಬ್ಬಿಯೊಂದಕ್ಕೆ ತಂತಿಯಿಂದ ಸೇರಿಸಿದ್ದ, ರಕ್ತದ ಓಟ ಕೇಳಿಸುವ ಪೆನ್ನಿನಂಥ ಒಂದು ಸಾಧನವನ್ನು ಅಣ್ಣನ ಬಲಪಾದದ ಮೇಲಿಟ್ಟಳು. ಡಬ್ಬಿಯೊಳಗಿಂದ ಯಾರೋ ಓಡಿ ಬರುತ್ತಿರುವ ಹಾಗೆ ಹುಸ್ ಹುಸ್ ಅಂತ ಸದ್ದು ಬಂತು. ಎಡಪಾದದ ಮೇಲಿಟ್ಟಳು. ಏನೂ ಬರಲಿಲ್ಲ. ಹರಡಿನ ಹಿಂದೆ ಇಟ್ಟಳು, ಮಂಡಿಯ ಹಿಂದೆ ಇಟ್ಟಳು. ಅತ್ತಿಗೆ, ಮಿಷನ್ ಕೆಟ್ಟಿದೆಯೇನೋ ನೋಡಿ ಅಂದಳು. ಸರ್ಜನ್ ಅದನ್ನು ಮತ್ತೆ ಬಲಗಾಲಿಗಿಟ್ಟು ಸದ್ದು ಕೇಳಿಸಿದಳು, ಅಷ್ಟೆ. ಬೆರಳಾಡಿಸಿ ಅಂದಾಗ ಅಣ್ಣ ಹಲ್ಲು ಕಚ್ಚಿ ಪ್ರಯತ್ನ ಮಾಡಿದ, ಅವನ ಹುಬ್ಬು ಆಡಿತು, ಬಲಗಾಲಿನ ಬೆರಳು ಆಡಿತು.

ಆಮೇಲೆ ಸರ್ಜನ್ ಅವರಿಬ್ಬರನ್ನೂ ಪರದೆಯ ಈಚೆಗೆ ಕರೆದು ಹೇಳಿದಳು. ಈ ಜ್ವರ ಕೆಲವರಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ಎದೆಯೊಳಗೇ ಆಗಬೇಕೆಂದಿಲ್ಲ, ವಯಸ್ಸಾದವರಿಗೇ ಆಗಬೇಕೆಂದೂ ಇಲ್ಲ. ಇವರಿಗೆ ಕಾಲಿನ ದೊಡ್ಡ ರಕ್ತನಾಳದಲ್ಲಿ ಆಗಿದೆ. ಹೆಪ್ಪು ಬೆಳೆಯದಂತೆ ಸೂಜಿಯಲ್ಲಿ ಔಷಧ ಶುರುಮಾಡಿದ್ದೇವೆ, ಆದರೆ ಕಟ್ಟಿದ ಹೆಪ್ಪು ಅದರಿಂದ ಕರಗಲ್ಲ. ತೊಡೆಯ ಸಂದಿಯಲ್ಲಿ ಸಣ್ಣದಾಗಿ ಕೊಯ್ದು, ತೆಳ್ಳನೆಯ ನಳಿಕೆ ಇಳಿಸಿ, ಅದರ ತುದಿಯ ಬಲೂನು ಉಬ್ಬಿಸಿ ಹೆಪ್ಪನ್ನು ಹೊರಗೆ ಎಳೆಯಬೇಕು. ಕಾಲು ಉಳಿಯಬೇಕಾದರೆ ರಕ್ತ ನಿಂತ ಆರು ಗಂಟೆಯೊಳಗೆ ಆಗಬೇಕು. ತುಂಬ ಹೊತ್ತು ಮೀರಿದ್ದರೆ ಮಾಡಲೇಬಾರದು, ಸತ್ತ ಮಾಂಸದೊಳಗಿನ ವಿಷವನ್ನು ರಕ್ತ ಎತ್ತಿಕೊಂಡು ನೇರ ಹೃದಯಕ್ಕೆ ಹೋಗುತ್ತದೆ, ಆಗ ಕಾಲಿನ ಮಾತಲ್ಲ, ಮನುಷ್ಯನೇ ಉಳಿಯಲ್ಲ. ಇಷ್ಟನ್ನೂ ಸರ್ಜನ್ ಒಂದೇ ದನಿಯಲ್ಲಿ ಹೇಳಿ, ಅಣ್ಣನ ಪಾದದ ಕಡೆ ಒಮ್ಮೆ ತಿರುಗಿ ನೋಡಿದಳು.

"ಬೇರೆಯವರ ಕಾಲಾಗಿದ್ರೆ ನಾನೇ ನೋಡಿ ಅಂದಾಜು ಹೇಳ್ತಿದ್ದೆ. ಇವರದು ಬಣ್ಣದ ಮೇಲೆ ಬಣ್ಣ, ನನಗೆ ತಿಳೀತಿಲ್ಲ. ನೀವೇ ಹೇಳ್ಬೇಕು. ಈ ನೀಲಿ ಮೊದಲು ನೋಡಿದ್ದು ಯಾವಾಗ?"

ಬಾಯಿ ತೆರೆದದ್ದು ಅತ್ತಿಗೆ. "ಹನ್ನೊಂದಕ್ಕೆ ನಾನು ನೋಡಿದ್ದು. ಬೆಳಗ್ಗೆ ಇರ್ಲಿಲ್ಲ. ಬೆಳಗ್ಗೆ ಇವಳೇ ಕಾಲು ತೊಳೆದಿದ್ದು, ಇದ್ದಿದ್ರೆ ಇವಳ ಕಣ್ಣಿಗೆ ಬೀಳ್ತಿರ್ಲಿಲ್ವಾ? ನನ್ನ ನಾದಿನಿ ಕಣ್ಣು ಸೂಜಿ ಇದ್ದ ಹಾಗೆ." ಹೇಳುತ್ತಾ ಅತ್ತಿಗೆ ಅವಳ ಭುಜದ ಮೇಲೆ ಕೈಯಿಟ್ಟಳು. ಅಷ್ಟು ವರ್ಷಕ್ಕೆ ಅತ್ತಿಗೆ ಅವಳನ್ನು ಇನ್ನೊಬ್ಬರ ಮುಂದೆ ಹೊಗಳಿದ್ದು ಇದೇ ಮೊದಲು. ಸರ್ಜನ್ ಅವಳ ಕಡೆ ನೋಡಿದಳು. "ಇರ್ಲಿಲ್ವಾ?" ಎರಡು ಮಾತು ಸಾಕಿತ್ತು. ಮುಖಗವಸಿನೊಳಗೆ ಅವಳ ಉಸಿರೇ ಬಿಸಿಯಾಗಿ ಅವಳ ತುಟಿಗೆ ತಾಗುತ್ತಿತ್ತು. ಇಲ್ಲ ಅನ್ನುವಂತೆ ತಲೆಯಾಡಿಸಿದಳು. ಸರ್ಜನ್ ಕಾಗದದಲ್ಲಿ ಹನ್ನೊಂದು ಅಂತ ಬರೆದುಕೊಂಡಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಹತ್ತು. ಒಂದು ಗಂಟೆ ಹತ್ತು ನಿಮಿಷ, ಒಳ್ಳೆ ಹೊತ್ತಿಗೆ ಬಂದಿದೀರ ಅಂದಳು, ಅತ್ತಿಗೆಯ ಹತ್ತಿರ ಸಹಿ ಹಾಕಿಸಿಕೊಂಡು ಹೋದಳು.

ಆಪರೇಷನ್ ಕೋಣೆ ಸಿದ್ಧವಾಗುವ ತನಕ ಕಾಯಲು ಹೇಳಿದ್ದ ಕಾರಿಡಾರಿನಲ್ಲಿ ಒಂದು ಉದ್ದ ಬೆಂಚಿತ್ತು. ನೆಲ ಒರೆಸುತ್ತಾ ಬಂದ ಆಯಾ ಅವಳ ಕಾಲ ಬಳಿ ನಿಂತು, "ಎತ್ತಮ್ಮ ಕಾಲು, ನಿನ್ನನ್ನೂ ಸೇರಿಸಿ ಒರೆಸಿಬಿಡ್ತೀನಿ" ಅಂದಳು. ಅವಳು ಎರಡು ಕಾಲನ್ನೂ ಎತ್ತಿ ಹಿಡಿದುಕೊಂಡಳು. ಆಯಾ ಮುಂದೆ ಹೋದಮೇಲೂ ಹಾಗೇ ಹಿಡಿದುಕೊಂಡಿದ್ದಳು. ಐದೂವರೆಯಿಂದ ಹನ್ನೆರಡೂ ಹತ್ತಕ್ಕೆ ಆರು ಗಂಟೆ ನಲವತ್ತು ನಿಮಿಷ. ಲೆಕ್ಕ ಮಾಡಬೇಕೆಂದು ಮಾಡಲಿಲ್ಲ, ಅದು ತನ್ನಷ್ಟಕ್ಕೆ ಆಯಿತು. ಆರರ ಮೇಲೆ ನಲವತ್ತೇ ನಿಮಿಷ ಅಲ್ಲವೇ, ಡಾಕ್ಟರುಗಳು ಸ್ವಲ್ಪ ಹೆಚ್ಚು ಕಡಿಮೆ ಇಟ್ಟುಕೊಂಡೇ ಹೇಳಿರುತ್ತಾರೆ, ಬಟ್ಟೆಯನ್ನೂ ನಾಲ್ಕು ನಿಮಿಷ ಹೆಚ್ಚು ಮುಳುಗಿಸಿದರೆ ಏನಾಗುವುದಿಲ್ಲ. ಸುಮ್ಮನಿದ್ದರೆ ಕಾಲು ಉಳಿಯುತ್ತದೆ. ಹೇಳಿದರೆ ಕಾಲು ಹೋಗುತ್ತದೆ, ಕಾಲನ್ನು ತೆಗೆಸಿದವಳು ತಾನಾಗುತ್ತಾಳೆ. ಹೀಗೆ ಯೋಚಿಸುತ್ತಿದ್ದಾಗ, ಯಾರೋ ಹಿಂದಿನಿಂದ ಬಂದು ಕಣ್ಣು ಮುಚ್ಚಿದ ಹಾಗೆ, ನಿನ್ನೆ ಸಂಜೆ ಬಂದು ಅವಳೆದುರು ನಿಂತಿತು. ನಿನ್ನೆ ಸಂಜೆ ಹಾಸಿಗೆಯ ಬಟ್ಟೆ ಬದಲಿಸುವಾಗ ಅಣ್ಣ, ಕಾಲು ಹತ್ತಿ ತುಂಬಿದ ಹಾಗಿದೆ ಕಣೆ ಗಡಿಯಾರ, ಅಂದಿದ್ದ. ಮಲಗಿ ಮಲಗಿ ಹಾಗಾಗಿದೆ ಅಂದಿದ್ದಳು. ಅದಕ್ಕೂ ಮುಂಚೆ ಮಧ್ಯಾಹ್ನ ಮೀನಖಂಡ ಸೆಳೆಯುತ್ತಿದೆ ಅಂದಾಗಲೂ, ಜ್ವರದಲ್ಲಿ ಯಾರಿಗೆ ಮೈಕೈ ನೋಯಲ್ಲ ಅಂದಿದ್ದಳು. ಸಂಜೆ ಹಾಸಿಗೆಯ ಬಟ್ಟೆ ಎಳೆಯುವಾಗ ಎಡಗಾಲಿನ ಕಿರುಬೆರಳು ಹೊರಗೆ ಬಂದಿತ್ತು. ನೀಲಿ ಇತ್ತು. ಅದರ ಪಕ್ಕದ ಬೆರಳು ನೀಲಿಯಾಗಿರಲಿಲ್ಲ. ಒಂದೇ ಬೆರಳಿಗೆ ಬಣ್ಣ ಹೇಗಾಗುತ್ತದೆ ಅಂತ ಅವಳಿಗೆ ಆಗಲೇ ಅನ್ನಿಸಿತ್ತು, ಅಡುಗೆಮನೆಯಿಂದ ಹಾಲು ಉಕ್ಕುವ ವಾಸನೆ ಬಂದು ಓಡಿದ್ದಳು. ಆರೂ ಹತ್ತು. ಆರೂ ಹತ್ತರಿಂದ ಹನ್ನೆರಡೂ ಹತ್ತಕ್ಕೆ ಹದಿನೆಂಟು ಗಂಟೆ. ಅವಳು ಕಾಲನ್ನು ನೆಲಕ್ಕಿಳಿಸಿದಳು. ನೆಲ ಇನ್ನೂ ಒದ್ದೆಯಿತ್ತು, ಪಾದದ ಗುರುತು ಮೂಡಿತು.

ಅಣ್ಣನನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ತಲೆಯ ಕಡೆ ಆಯಾ, ಪಕ್ಕದಲ್ಲಿ ಸರ್ಜನ್. ಅತ್ತಿಗೆ ಎದ್ದು ಗಂಡನ ಅಂಗಿಯ ಕಾಲರು ಸರಿಮಾಡಿದಳು, ಎಲ್ಲೋ ಮದುವೆಗೆ ಹೊರಟವನಿಗೆ ಮಾಡುವ ಹಾಗೆ. ಬಾಗಿಲ ಹತ್ತಿರ ಸರ್ಜನ್ ಕಾಗದ ನೋಡಿ, ಹನ್ನೊಂದು ಗಂಟೆ ತಾನೆ, ಅದರ ಮೇಲೇ ನಾವು ಹೋಗ್ತಿರೋದು, ಅಂದಳು. ಅಣ್ಣ ತಲೆ ಎತ್ತಿದ. ನೋವಿನ ಔಷಧಕ್ಕೆ ನಾಲಗೆ ದಪ್ಪಗಾಗಿತ್ತು.

"ಇವಳು ಹೇಳಿದ ಹೊತ್ತು ತಪ್ಪಲ್ಲ ಡಾಕ್ಟ್ರೇ. ನಮ್ಮನೇಲಿ ಗೋಡೆ ಗಡಿಯಾರ ನಿಂತ್ರೆ ಇವಳನ್ನ ಕೇಳಿ ಸರಿ ಮಾಡ್ತೀವಿ."

ಆಯಾ ಗಾಡಿಯ ಚಕ್ರದ ಮೇಲಿನ ಕಾಲು ತೆಗೆದಳು. ಬಾಗಿಲು ತೆರೆದುಕೊಂಡಿತು. ಅವಳು ಐದೂವರೆ ಅಂದಳು. ಯಾರಿಗೂ ಕೇಳಿಸಲಿಲ್ಲ. ಗಾಡಿಯ ಮುಂದಿನ ಚಕ್ರ ಹೊಸ್ತಿಲು ದಾಟುತ್ತಿತ್ತು. ಅವಳು ಹೋಗಿ ಗಾಡಿಯ ಕಂಬಿ ಹಿಡಿದುಕೊಂಡಳು, ಮುಖಗವಸನ್ನು ಗಲ್ಲದ ಕೆಳಕ್ಕೆ ಎಳೆದಳು.

"ಹನ್ನೊಂದಲ್ಲ. ಐದೂವರೆಗೇ ನೋಡಿದ್ದೆ. ಬಣ್ಣ ಅಂತ ತಿಕ್ಕಿದೆ."

ಸರ್ಜನ್ ಕೈಯೆತ್ತಿ ಗಾಡಿಯನ್ನು ನಿಲ್ಲಿಸಿದಳು. "ಅದಕ್ಕೆ ಮುಂಚೆ?"

"ನಿನ್ನೆ ಸಂಜೆ ಆರೂ ಹತ್ತಕ್ಕೆ. ಕಿರುಬೆರಳು ಮಾತ್ರ."

ಯಾರೂ ಅವಳನ್ನು ಬೈಯಲಿಲ್ಲ. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು, ಹೊಡೆತಕ್ಕೂ ಸಿದ್ಧಳಾಗಿದ್ದಳು. ಸರ್ಜನ್ ಅಲ್ಲೇ, ಬಾಗಿಲಿನಲ್ಲೇ, ಹೊದಿಕೆ ಸರಿಸಿ ಮೀನಖಂಡವನ್ನು ಒತ್ತಿ ಒತ್ತಿ ನೋಡಿದಳು, ಒಳಗಿನವರಿಗೆ ಏನೋ ಕೂಗಿ ಹೇಳಿದಳು, ಯಾರೋ ಒಬ್ಬರು ಓಡಿದರು. ಅತ್ತಿಗೆಯ ಕೈ ಗಂಡನ ಕಾಲರಿನ ಮೇಲೇ ಇತ್ತು. ಅಣ್ಣ ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವಳು ಅದನ್ನು ಎಲ್ಲಾದರೂ ಇಟ್ಟುಕೊಳ್ಳುತ್ತಿದ್ದಳು. "ನಾನು ತೊಟ್ಟಿ ಹತ್ರ ಹೋಗೇ ಇಲ್ವಲ್ಲೇ" ಅಂದ, ಇಷ್ಟು ದಿನ ತಪ್ಪದ ಲೆಕ್ಕ ಎಲ್ಲಿ ತಪ್ಪಿತು ಅಂತ ಕೇಳುವವನ ಹಾಗೆ. ಬಾಗಿಲು ಮುಚ್ಚಿತು.

ಅತ್ತಿಗೆಗೆ ಇನ್ನೊಂದು ಕಾಗದ ತಂದುಕೊಟ್ಟರು. ಅದರಲ್ಲಿ ಏನು ಬರೆದಿದೆ ಅಂತ ಅತ್ತಿಗೆ ಓದಿದಳು, ಸಹಿ ಹಾಕಿದಳು, ಪೆನ್ನಿಗೆ ಮುಚ್ಚಳ ಹಾಕಿ ವಾಪಸು ಕೊಟ್ಟಳು. ಬೆಂಚಿನ ಆ ತುದಿಗೆ ಹೋಗಿ ಕೂತಳು. ಅವಳು ಈ ತುದಿಯಲ್ಲಿ ಕೂತಳು. ನಡುವೆ ಮೂರು ಜನ ಕೂರುವಷ್ಟು ಜಾಗ. ಗೋಡೆಯಲ್ಲಿ ಗಡಿಯಾರ ಇತ್ತು, ಅವಳು ಅದನ್ನು ನೋಡಲಿಲ್ಲ. ನೋಡದಿದ್ದರೂ ಒಳಗೆ ಒಂದೊಂದೇ ನಿಮಿಷ ಬೀಳುತ್ತಿತ್ತು. ಎರಡೂ ಐವತ್ತಕ್ಕೆ ಪಕ್ಕದ ಸಣ್ಣ ಬಾಗಿಲಿನಿಂದ ಆಯಾ ಹಸಿರು ಬಟ್ಟೆ ಸುತ್ತಿದ್ದ ಉದ್ದನೆಯದೊಂದನ್ನು ಎರಡು ತೋಳಿನ ಮೇಲೆ ಹೊತ್ತುಕೊಂಡು ಹೊರಗೆ ಬಂದಳು. ಬೆನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಹೆಜ್ಜೆ ನೋಡಿ ಇಡುತ್ತಾ, ತೊಟ್ಟಿಯಿಂದೆತ್ತಿದ ಒದ್ದೆ ಬಟ್ಟೆಯನ್ನು ಹೊರುವವರು ನಡೆಯುವ ಹಾಗೆ. ಎಷ್ಟು ಭಾರ ಇದೆ ಅಂತ ಅವಳಿಗೆ ನೋಡಿದ ಕೂಡಲೇ ತಿಳಿಯಿತು.

ಸರ್ಜನ್ ಬಂದು ನಿಂತುಕೊಂಡೇ ಹೇಳಿದಳು. ತೆರೆದು ನೋಡಿದೆವು, ಮಾಂಸ ಬದುಕಿರಲಿಲ್ಲ, ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಂಡಿಯ ಮೇಲಕ್ಕೆ ತೆಗೆಯಬೇಕಾಯಿತು. ಹನ್ನೊಂದು ಗಂಟೆ ಅಂತ ನಂಬಿ ಹೆಪ್ಪು ತೆಗೆದು ರಕ್ತ ಹರಿಯಬಿಟ್ಟಿದ್ದರೆ ಅವರು ಮೇಜಿನ ಮೇಲಿಂದ ಏಳುತ್ತಿರಲಿಲ್ಲ. ಇದನ್ನು ಹೇಳುವಾಗ ಅವಳ ಕಡೆ ನೋಡಿದಳು. ಅತ್ತಿಗೆ ಕೇಳಿದಳು:

"ಬೆಳಗ್ಗೆ ಐದೂವರೆಗೇ ಬಂದಿದ್ರೆ?"

ಸರ್ಜನ್ ಕೈಗವಸು ಬಿಚ್ಚಿದಳು, ಒಂದರೊಳಗೆ ಒಂದನ್ನು ತೂರಿಸಿದಳು. "ಹೇಳೋಕಾಗಲ್ಲ. ನಿನ್ನೆ ಸಂಜೆ ಬಂದಿದ್ರೆ ಉಳೀತಿತ್ತೇನೋ."

ಅತ್ತಿಗೆ ಸರಿ ಅಂದಳು. ಅಂಗಡಿಯಲ್ಲಿ ಕೇಳಿದ ಸಾಮಾನು ಇಲ್ಲ ಅಂದಾಗ ಅನ್ನುವ ಸರಿ.

ಸಂಜೆ ಇಬ್ಬರನ್ನೂ ವಾರ್ಡಿಗೆ ಬಿಟ್ಟರು. ಜ್ವರಕ್ಕೆ ಹತ್ತು ದಿನ ಆಗಿದ್ದರಿಂದ ಮುಖಗವಸು ಹಾಕಿಕೊಂಡು ಕೂರಬಹುದಿತ್ತು. ಅಣ್ಣ ನಿದ್ದೆಯಲ್ಲಿದ್ದ. ಹೊದಿಕೆ ಒಂದು ಕಡೆ ಉದ್ದಕ್ಕೂ ಎದ್ದಿತ್ತು, ಇನ್ನೊಂದು ಕಡೆ ನಡುವೆಯೇ ಹಾಸಿಗೆಗೆ ಇಳಿದುಬಿಟ್ಟಿತ್ತು. ಆ ಚಪ್ಪಟೆ ಜಾಗದ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು, ಅಲ್ಲಿ ಕೈಯಿಡಬಹುದಿತ್ತು, ಯಾರಿಗೂ ತಾಗುತ್ತಿರಲಿಲ್ಲ. ನರ್ಸು ಬಂದು ಔಷಧದ ಚೀಲ ಬದಲಿಸಿ, ಕೆಲಸ ಹೇಳಿದಳು. ಒಮ್ಮೆ ಹೆಪ್ಪು ಕಟ್ಟಿದವರಿಗೆ ಇನ್ನೊಂದು ಕಡೆಯೂ ಕಟ್ಟಬಹುದು, ಔಷಧ ಹೋಗುತ್ತಿದ್ದರೂ ಆಗುವುದುಂಟು. ಬಲಗಾಲನ್ನು ಗಂಟೆಗೊಮ್ಮೆ ನಾನೂ ನೋಡ್ತೀನಿ, ನಡುವೆ ನೀವು ನೋಡ್ತಿರಿ. ಅಂಗಾಲನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾಗುತ್ತೆ, ಎರಡೆಣಿಸುವಷ್ಟರಲ್ಲಿ ಕೆಂಪು ವಾಪಸು ಬರಬೇಕು. ಬಣ್ಣ ಬದಲಾದರೆ ಕೂಗಿ. ಹೊತ್ತು ನೋಡಿಕೊಳ್ಳೋರು ಯಾರು ಅಂತ ಕೇಳಿದಳು. ಅತ್ತಿಗೆ ಕಿಟಕಿಯ ಕಡೆ ತಿರುಗಿದಳು. ನರ್ಸು ನಾದಿನಿಯ ಕಡೆ ನೋಡಿ, ನೀವಾ, ಸರಿ, ಅಂತ ತಾನೇ ತೀರ್ಮಾನ ಮಾಡಿ ಆಚೆಯ ಸಾಲಿನ ರೋಗಿಯ ಕಡೆ ಹೋದಳು.

ಐದು ಗಂಟೆಗೆ ಅವಳು ಹೊದಿಕೆಯ ಕೊನೆಯನ್ನು ಸರಿಸಿದಳು. ಬಲಗಾಲು. ಉಗುರುಗಳು ನೀಲಿ, ಹಿಮ್ಮಡಿಯ ಬಿರುಕುಗಳೊಳಗೆ ನೀಲಿ, ಹೆಬ್ಬೆರಳಿನ ಬುಡದಲ್ಲಿ ಮಾಸಿದ ಒಂದು ಮಚ್ಚೆ. ಇದು ಬಣ್ಣ. ಇದು ಅವರ ಮನೆಯ ನೀಲಿ, ಅವಳ ಕೈಯಲ್ಲೂ ಇದೆ. ಮಧ್ಯಾಹ್ನ ಗಾಡಿಯಲ್ಲಿ ಈ ಮಚ್ಚೆ ಇತ್ತೇ? ಇತ್ತು ಅನ್ನಿಸಿತು. ಇಷ್ಟೇ ದೊಡ್ಡದಿತ್ತೇ? ಅಂಗಾಲಿಗೆ ಹೆಬ್ಬೆರಳೊತ್ತಿ ಬಿಟ್ಟಳು. ಬೆಳ್ಳಗಿನ ಗುರುತು ಮೂಡಿತು. ಒಂದು, ಎರಡು. ಕೆಂಪು ಬಂತು, ಬಂದ ಹಾಗಿತ್ತು, ಆದರೆ ಕಿಟಕಿಯ ಬಿಸಿಲೂ ಅದೇ ಬಣ್ಣದ್ದಿತ್ತು. ಮತ್ತೆ ಒತ್ತಿದಳು. ಒಂದು. ಎರಡು ಎಲ್ಲಿಗೆ ಬರಬೇಕು ಅನ್ನುವುದು ತಿಳಿಯಲಿಲ್ಲ. ಒಂದಕ್ಕೂ ಎರಡಕ್ಕೂ ನಡುವೆ ಎಷ್ಟು ಹೊತ್ತು ಬಿಡಬೇಕು, ಹುಟ್ಟಿದಾಗಿನಿಂದ ಗೊತ್ತಿದ್ದದ್ದು, ಕೈಜಾರಿದ ಬಟ್ಟೆ ತೊಟ್ಟಿಯ ತಳಕ್ಕಿಳಿದ ಹಾಗೆ ಕೆಳಗೆಲ್ಲೋ ಹೋಗಿತ್ತು. ಬಿಸಿಯಿದೆಯೋ ನೋಡೋಣ ಅಂತ ಪಾದವನ್ನು ಅಂಗೈಯಲ್ಲಿ ಹಿಡಿದಳು. ಬೆಚ್ಚಗಿದ್ದದ್ದು ಪಾದವೋ ಅವಳ ಅಂಗೈಯೋ. ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಸೆರಗು ಅವಳ ಉಸಿರಿಗೆ ಏರಿ ಇಳಿಯುವುದು ಕಾಣುತ್ತಿತ್ತು.

"ಅತ್ತಿಗೆ" ಅಂದಳು.

ಸೆರಗು ಏರಿತು, ಇಳಿಯಿತು. ಆಚೆಯ ಸಾಲಿನಲ್ಲಿ ನರ್ಸು ಬೆನ್ನು ಹಾಕಿ ಏನೋ ಬರೆಯುತ್ತಿದ್ದಳು. ಅಣ್ಣನ ಬಾಯಿ ಸ್ವಲ್ಪ ತೆರೆದಿತ್ತು. ಅವಳು ಮುಖಗವಸು ಇಳಿಸಿ, ಪಾದವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಇನ್ನೊಮ್ಮೆ ಹೇಳಿದಳು, ಈ ಸಲ ವಾರ್ಡಿಗೆಲ್ಲ ಕೇಳುವ ಹಾಗೆ.

"ಅತ್ತಿಗೆ, ಈ ಕಾಲು ಒಂದ್ಸಲ ನೀವೂ ನೋಡಿ."